ಜಗಲಿಯಲ್ಲಿ ಕೂತವರ ಮಾತು: ಮುಟ್ಟು ನಿಲ್ಲುವ ಕಾಲದ ಬಗ್ಗೆ ನಮ್ಮ ಊರಲ್ಲೇ ಕೇಳಿ ಬರೆದಿಡುವುದು ಹೇಗೆ

ನಾವು ಮೊದಲ ಸಲ ಮಾಡಿದ್ದು ಪೂರಾ ಹಾಳಾಯಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ, ನಿಮಗೆ ಅಷ್ಟು ಸಮಯ ಉಳಿಯಲಿ.

ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ವಾರ್ಡಿನಲ್ಲಿ ನೆರೆಹೊರೆಯ ಹೆಂಗಸರು ಸೇರುವ ಅಯಲ್‌ಕೂಟದಲ್ಲಿ ಒಂದು ಆದಿತ್ಯವಾರ ಮಧ್ಯಾಹ್ನ ಮೂರು ಪುಟದ ಪ್ರಶ್ನೆಪಟ್ಟಿ ಹಂಚಿದೆವು. ಮೇಲೆ ದಪ್ಪ ಅಕ್ಷರದಲ್ಲಿ ‘ಋತುಬಂಧದ ಅನುಭವಗಳು: ಸಮೀಕ್ಷೆ’. ಕೆಳಗೆ ಸಾಲು ಸಾಲು ಪ್ರಶ್ನೆ, ಎದುರಿಗೆ ಹೌದು, ಇಲ್ಲ ಎಂದು ಎರಡು ಚೌಕ. ಅರ್ಧ ಗಂಟೆಯಲ್ಲಿ ಎಲ್ಲಾ ಕಾಗದ ವಾಪಸ್ ಬಂತು. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಉತ್ತರ. ಇಲ್ಲ, ಇಲ್ಲ, ಇಲ್ಲ. ನಮ್ಮ ವಾರ್ಡಿನ ಹೆಂಗಸರಷ್ಟು ಗಟ್ಟಿಮುಟ್ಟಾದವರು ಇಡೀ ಕೇರಳದಲ್ಲೇ ಇಲ್ಲ ಅನ್ನುವ ಹಾಗೆ.

ಆಮೇಲೆ ಚಹಾದ ಗ್ಲಾಸು ತೊಳೆಯುವಾಗ ಒಬ್ಬರು ಅಕ್ಕ ಮೆಲ್ಲ ಬಾಯಿ ಬಿಟ್ಟರು. “ಮೂರು ತಿಂಗಳಾಯ್ತು ಮಾರಾಯ್ತಿ, ರಾತ್ರಿ ಎರಡು ಗಂಟೆಗೆ ಎಚ್ಚರ ಆಗ್ತದೆ. ಮೈಯೆಲ್ಲ ಚಂಡಿ. ಎದ್ದು ಹೋಗಿ ಜಗಲಿಯಲ್ಲಿ ಕೂತುಕೊಳ್ಳುದು. ಸಿಮೆಂಟು ನೆಲ ತಣ್ಣಗಿರ್ತದಲ್ಲ. ಅದನ್ನು ನಿನ್ನ ಕಾಗದದಲ್ಲಿ ಎಲ್ಲಿ ಬರೆಯುದು?”

ಅವರ ಕಾಗದ ಹುಡುಕಿ ನೋಡಿದೆ. ‘ಬಿಸಿ ಹೊಮ್ಮುವಿಕೆ ಉಂಟೇ?’ ಅನ್ನುವ ಪ್ರಶ್ನೆಯ ಎದುರು ‘ಇಲ್ಲ’ ಅಂತ ಚಂದದ ಗುರುತು ಹಾಕಿದ್ದರು. ತಪ್ಪು ಅವರದ್ದಲ್ಲ. ಆ ಶಬ್ದ ಅವರು ಜನ್ಮದಲ್ಲಿ ಕೇಳಿರಲಿಲ್ಲ. ನಾನೂ ಪುಸ್ತಕದಲ್ಲಿ ಓದಿ ಬರೆದಿದ್ದೆ ಅಷ್ಟೆ.

ಆ ದಿನದಿಂದ ಎಲ್ಲಾ ಹೊಸದಾಗಿ ಶುರು ಮಾಡಿದೆವು. ನಾವು ಡಾಕ್ಟರುಗಳಲ್ಲ, ಕಾಲೇಜಿನವರೂ ಅಲ್ಲ. ಒಬ್ಬರು ಅಂಗನವಾಡಿಯಲ್ಲಿದ್ದವರು, ಒಬ್ಬರು ಹೊಲಿಗೆಯವರು, ನಾನು ಶಾಲೆಯಲ್ಲಿ ಪಾಠ ಮಾಡಿದವಳು. ನಿಮ್ಮಲ್ಲೂ ಇಂಥ ಮೂರು ಜನ ಇದ್ದರೆ ಸಾಕು. ಮಂಜೇಶ್ವರ, ಕುಂಬಳೆ, ಪೆರ್ಲ, ಮುಳ್ಳೇರಿಯ, ಎಲ್ಲಿಯಾದರೂ ಮಾಡಬಹುದು.

ಮೊದಲು ನೀವು ಸ್ವಲ್ಪ ಓದಿಕೊಳ್ಳಿ

ಜಾಸ್ತಿ ಬೇಡ. ಕೇಳುವವರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಸತತ 12 ತಿಂಗಳು ಮುಟ್ಟಾಗದೆ ಇದ್ದರೆ, ಅದಕ್ಕೆ ಬೇರೆ ಕಾರಣ ಇಲ್ಲದಿದ್ದರೆ, ಮುಟ್ಟು ನಿಂತಿತು ಅಂತ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆಚ್ಚಿನವರಿಗೆ ಇದು 45ರಿಂದ 55ರ ಒಳಗೆ ಆಗುತ್ತದೆ. ಭಾರತದಲ್ಲಿ ಸರಾಸರಿ 46–47ರ ಆಸುಪಾಸು. 40ಕ್ಕೆ ಮೊದಲೇ ನಿಂತರೆ ಅದನ್ನು ಅಕಾಲಿಕ ಅನ್ನುತ್ತಾರೆ, ಅವರು ಡಾಕ್ಟರನ್ನು ನೋಡಲೇಬೇಕು. ಆದರೆ ನಮ್ಮ ಕೆಲಸಕ್ಕೆ ನಿಂತ ದಿನಕ್ಕಿಂತ ಅದಕ್ಕೆ ಮೊದಲಿನ ವರ್ಷಗಳೇ ಮುಖ್ಯ. ಅಂಡಾಶಯ ಒಮ್ಮೆಲೇ ಸ್ವಿಚ್ ಹಾಕಿದ ಹಾಗೆ ಆರುವುದಿಲ್ಲ. ಈಸ್ಟ್ರೋಜನ್ ಹಾರ್ಮೋನು ಒಂದು ತಿಂಗಳು ಜಾಸ್ತಿ, ಇನ್ನೊಂದು ತಿಂಗಳು ಕಮ್ಮಿ ಆಗುತ್ತಾ ನಾಲ್ಕಾರು ವರ್ಷ ಆಟ ಆಡಿಸುತ್ತದೆ. ಮುಟ್ಟು ಬೇಗ ಬರುವುದು, ತಡವಾಗುವುದು, ಸಿಕ್ಕಾಪಟ್ಟೆ ಹೋಗುವುದು, ನಿದ್ದೆ ಕೆಡುವುದು ಎಲ್ಲಾ ಈ ಹೊತ್ತಿನಲ್ಲೇ ಶುರು. ಈ ಅವಧಿಯನ್ನು ಪೆರಿಮೆನೋಪಾಸ್ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಬಾಯಿಗೆ ಬರುವಂಥ ಒಂದು ಶಬ್ದ ಇಲ್ಲ. ಶಬ್ದ ಇಲ್ಲದ್ದಕ್ಕೇ ಅರ್ಧ ಜನ ಇದು ಥೈರಾಯ್ಡೋ, ಮಂಡೆ ಕೆಟ್ಟದ್ದೋ, ದೈವದ ಉಪದ್ರವೋ ಅಂತ ತಿರುಗುತ್ತಿರುತ್ತಾರೆ.

ಎಷ್ಟು ಸಮಯ ಇರುತ್ತದೆ ಅಂತ ಕೇಳಿದರೆ, ಅಮೆರಿಕದಲ್ಲಿ 1990ರ ದಶಕದಲ್ಲಿ ಶುರುವಾದ ಸ್ವಾನ್ ಎಂಬ ದೊಡ್ಡ ಅಧ್ಯಯನದ ಒಂದು ಲೆಕ್ಕ ಉಂಟು. ಆಗಾಗ ಮೈ ಬಿಸಿಯಾಗಿ ಬೆವರುವ ಹೆಂಗಸರಲ್ಲಿ ಅದು ಉಳಿಯುವ ಮಧ್ಯಮ ಅವಧಿ (ಅರ್ಧ ಜನರಿಗೆ ಅದಕ್ಕಿಂತ ಕಮ್ಮಿ, ಅರ್ಧ ಜನರಿಗೆ ಜಾಸ್ತಿ) 7.4 ವರ್ಷ ಅಂತ 2015ರಲ್ಲಿ ಅವರು ವರದಿ ಮಾಡಿದರು. ‘ಎರಡು ತಿಂಗಳಲ್ಲಿ ಸರಿಯಾಗ್ತದೆ’ ಅಂತ ಯಾರಿಗೂ ಸುಮ್ನೆ ಧೈರ್ಯ ಹೇಳಬೇಡಿ.

ಗರ್ಭಕೋಶ ತೆಗೆಸಿದವರ ವಿಷಯವೂ ತಿಳಿದಿರಲಿ. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಬಿಟ್ಟಿದ್ದರೆ ಮುಟ್ಟು ನಿಲ್ಲುತ್ತದೆ, ಆದರೆ ಹಾರ್ಮೋನು ಒಳಗೆ ನಡೆಯುತ್ತಲೇ ಇರುತ್ತದೆ. ಎರಡೂ ಅಂಡಾಶಯ ತೆಗೆದಿದ್ದರೆ ಒಮ್ಮೆಲೇ ಎಲ್ಲಾ ನಿಲ್ಲುತ್ತದೆ, ತೊಂದರೆಯೂ ಜೋರಾಗಿರಬಹುದು. ನಮ್ಮಲ್ಲಿ ‘ಆಪರೇಷನ್ ಆಗಿದೆ’ ಅಂದರೆ ಮಕ್ಕಳಾಗದ ಹಾಗೆ ಮಾಡಿಸಿದ್ದೂ ಆಗಬಹುದು, ಗರ್ಭಕೋಶ ತೆಗೆದದ್ದೂ ಆಗಬಹುದು. ಕೇಳಿ ಖಚಿತ ಮಾಡಿಕೊಳ್ಳಿ. ಒಬ್ಬರಿಗೆ ತನ್ನ ಅಂಡಾಶಯ ಒಳಗುಂಟಾ ಇಲ್ಲವಾ ಅಂತಲೇ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವರು ಕೇಳಿರಲೂ ಇಲ್ಲ. ಆ ‘ಗೊತ್ತಿಲ್ಲ’ ಅನ್ನುವುದನ್ನೂ ಬರೆದುಕೊಳ್ಳಿ, ಅದೂ ಒಂದು ಉತ್ತರವೇ.

ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ

ನೀವು ತಿಳಿಯಬೇಕಾದ್ದು ಏನು ಅಂತ ಒಂದು ಸಾಲಿನಲ್ಲಿ ಬರೆಯಲು ಆಗದಿದ್ದರೆ ಇನ್ನೊಂದು ವಾರ ಕೂತು ಮಾತಾಡಿ. ನಮ್ಮದು ಕೊನೆಗೆ ಹೀಗಾಯಿತು: ‘ಮುಟ್ಟು ಏರುಪೇರಾದಾಗಿನಿಂದ ನಿಮ್ಮ ಒಂದು ದಿನದ ಕೆಲಸ ಹೇಗೆ ಬದಲಾಗಿದೆ?’ ಅಷ್ಟೆ. ಎಷ್ಟು ಶೇಕಡಾ ಜನರಿಗೆ ಏನಿದೆ ಅನ್ನುವ ಲೆಕ್ಕ ನಮ್ಮಂಥವರ ಕೈಯಲ್ಲಿ ಆಗುವುದಲ್ಲ. ಅದಕ್ಕೆ ಬೇರೆ ವಿಧಾನ, ಬೇರೆ ಜನ ಬೇಕು. ಬೀಡಿ ಕಟ್ಟುವವರಿಗೆ, ಅಡಿಕೆ ಸುಲಿಯುವವರಿಗೆ, ಉದ್ಯೋಗ ಖಾತರಿಯಲ್ಲಿ ಬಿಸಿಲಿಗೆ ನಿಂತು ಕೆಲಸ ಮಾಡುವವರಿಗೆ ಇದು ಹೇಗಾಗುತ್ತದೆ ಅಂತ ಅವರ ಬಾಯಲ್ಲೇ ತಿಳಿಯುವುದು, ಅದು ನಮಗೆ ಆಗುವ ಕೆಲಸ. ಅದನ್ನು ದೊಡ್ಡ ಅಧ್ಯಯನದವರಿಗಿಂತ ನಾವೇ ಚಂದ ಮಾಡುತ್ತೇವೆ, ಯಾಕೆಂದರೆ ಅಡಿಕೆ ಸುಲಿಯುವ ಮಣೆಯ ಮೇಲೆ ನಾಲ್ಕು ಗಂಟೆ ಕೂತರೆ ಸೊಂಟ ಏನಾಗುತ್ತದೆ ಅಂತ ನಮಗೆ ಗೊತ್ತು.

ಯಾರ ಹತ್ತಿರ ಹೋಗುವುದು

25–30 ಜನ ಸಾಕು. ಕೇರಳ ಸರಕಾರದ ಹೆಂಗಸರ ಸಂಘಗಳ ಯೋಜನೆ ಕುಡುಂಬಶ್ರೀ 1998ರಿಂದ ಇದೆ. ಅಯಲ್‌ಕೂಟ, ಅದರ ಮೇಲೆ ವಾರ್ಡಿಗೆ ಎಡಿಎಸ್, ಪಂಚಾಯತಿಗೆ ಸಿಡಿಎಸ್ ಅಂತ ಜಾಲ ತಯಾರೇ ಇದೆ. ಅಲ್ಲಿಂದ ಶುರು ಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಕೂಟಕ್ಕೆ ಬರುವವರೇ ಎಲ್ಲರೂ ಅಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವರು ಬರುವುದಿಲ್ಲ. ಮದುವೆಯಾಗದವರು ‘ನನಗೆಂತಕ್ಕೆ’ ಅಂತ ದೂರ ಉಳಿಯುತ್ತಾರೆ, ಅವರಿಗೂ ಮುಟ್ಟು ನಿಲ್ಲುತ್ತದೆ ಅಲ್ವಾ? ಕುಂಬಳೆ, ಮಂಜೇಶ್ವರದ ಕರಾವಳಿಯಲ್ಲಿ ಮೀನು ಮಾರುವವರು ಆದಿತ್ಯವಾರವೂ ಬುಟ್ಟಿ ಹೊರುತ್ತಾರೆ. ಕೊರಗ ಸಮುದಾಯದ ಮನೆಗಳಿಗೆ ನಾವೇ ಹೋಗಬೇಕು, ಹೋಗುವಾಗ ಅವರಲ್ಲಿ ಒಬ್ಬರು ನಮ್ಮ ಜೊತೆ ಕೆಲಸ ಮಾಡುವವರಾಗಿರಬೇಕು, ದಾರಿ ತೋರಿಸುವವರಾಗಿ ಮಾತ್ರ ಅಲ್ಲ.

ಇನ್ನೊಂದು ಎಚ್ಚರ. ತುಂಬಾ ಕಷ್ಟಪಟ್ಟವರು ತಾವಾಗಿ ಬಂದು ಮಾತಾಡುತ್ತಾರೆ. ಏನೂ ಆಗದೆ ಸಲೀಸಾಗಿ ದಾಟಿದವರು ‘ನನ್ನದೆಂತ ಉಂಟು ಹೇಳಲಿಕ್ಕೆ’ ಅನ್ನುತ್ತಾರೆ. ಅವರನ್ನೂ ಕೂರಿಸಿ ಮಾತಾಡಿಸಿ. ಇಲ್ಲದಿದ್ದರೆ ನಿಮ್ಮ ವರದಿ ಓದಿದ 40ರ ಹೆಂಗಸು ಹೆದರಿ ಸಾಯುತ್ತಾಳೆ. ‘ಪೀಡೆ ತೊಲಗಿತು, ಈಗ ಬ್ರಹ್ಮಕಲಶಕ್ಕೆ ಯಾವ ತಾರೀಕು ಇಟ್ಟರೂ ನನಗೆ ಚಿಂತೆ ಇಲ್ಲ’ ಅಂತ ನಕ್ಕವರೂ ನಮ್ಮ ನೋಟುಪುಸ್ತಕದಲ್ಲಿದ್ದಾರೆ.

ಗುಂಪಿನಲ್ಲಿ ಕೂರಿಸುವುದಾದರೆ ಅತ್ತೆ ಸೊಸೆಯನ್ನು ಒಟ್ಟಿಗೆ ಕೂರಿಸಬೇಡಿ. ನಮ್ಮ ಮೊದಲ ಕಾಗದಗಳೆಲ್ಲ ‘ಇಲ್ಲ’ ಆಗಲು ಅದೂ ಒಂದು ಕಾರಣ.

ಶಬ್ದ ಕಟ್ಟಿಕೊಳ್ಳುವುದು

ಪ್ರಶ್ನೆ ಬರೆಯುವ ಮೊದಲು ಶಬ್ದ ಕೂಡಿಸಿ. ಇದಕ್ಕೆ ಎರಡು ಮೂರು ವಾರ ಹೋದರೂ ನಷ್ಟ ಇಲ್ಲ.

ನಮ್ಮ ಊರಿನ ಕಥೆ ನಿಮಗೆ ಗೊತ್ತಲ್ಲ. 1956ರ ನವೆಂಬರ್ 1ರಂದು ರಾಜ್ಯ ಕೇರಳವಾಯಿತು, ಮನೆಯ ಮಾತು ಹಾಗೇ ಉಳಿಯಿತು. ಒಂದೇ ಓಣಿಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ಆಶಾ ಕಾರ್ಯಕರ್ತೆಯ ಪುಸ್ತಕ ಮಲಯಾಳದಲ್ಲಿ. ಈಗ 50 ದಾಟಿದ, ಕನ್ನಡ ಶಾಲೆಯಲ್ಲಿ ಕಲಿತ ಹೆಂಗಸು ‘ಆರ್ತವವಿರಾಮಂ’ ಅಂತ ಬರೆದ ಕರಪತ್ರ ಹಿಡಿದು ಸುಮ್ನೆ ಮಡಚಿ ಇಡುತ್ತಾಳೆ. ‘ಋತುಬಂಧ’ ಅಂತ ಬರೆದರೂ ಅಷ್ಟೆ. ಅವರು ಹೇಳುವುದು ‘ಮುಟ್ಟು ನಿಂತದ್ದು’, ‘ತಿಂಗಳು ತಪ್ಪಿದ್ದು’, ‘ಈಗ ಹೊರಗಾಗುವುದು ಇಲ್ಲ’ ಅಂತ.

ಒಂದು ದಪ್ಪ ನೋಟುಪುಸ್ತಕ ತೆಗೆದುಕೊಳ್ಳಿ. ಎಡ ಪುಟದಲ್ಲಿ ಡಾಕ್ಟರು ಬಳಸುವ ಶಬ್ದ, ಬಲ ಪುಟದಲ್ಲಿ ಜನ ಹೇಳಿದ ಶಬ್ದ, ಹೇಳಿದ ಭಾಷೆಯಲ್ಲೇ. ತುಳುವಿನಲ್ಲಿ ಹೇಳಿದ್ದನ್ನು ಕನ್ನಡ ಮಾಡಿ ಬರೆಯಬೇಡಿ, ತುಳುವನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ನಮಗೆ ಸಿಕ್ಕಿದ್ದು ಕೆಲವು: ತಲೆ ಧಿಂ ಅನ್ನುವುದು, ಎದೆ ಡವಡವ, ಕೈಬೆರಳು ಜೋಮು, ಗಂಟು ಗಂಟು ನೋವು, ಉರಿಮೂತ್ರ, ಮೂಗಿನ ತುದಿಯಲ್ಲಿ ಕೋಪ, ಒಗ್ಗರಣೆ ಹಾಕಲು ಒಲೆ ಹತ್ತಿಸಿ ‘ಎಂತಕ್ಕೆ ಬಂದೆ’ ಅಂತ ನಿಲ್ಲುವುದು.

ಮತ್ತೆ ‘ಸೆಕೆ’. ಇದರಲ್ಲಿ ನಾವು ಒಂದು ತಿಂಗಳು ಒದ್ದಾಡಿದೆವು. ಮೈ ಬಿಸಿಯಾಗಿ ಬೆವರುತ್ತದಾ ಅಂತ ಏಪ್ರಿಲ್‌ನಲ್ಲಿ ಕಾಸರಗೋಡಿನಲ್ಲಿ ಕೇಳಿದರೆ ಯಾರು ತಾನೇ ಏನು ಹೇಳಿಯಾರು? “ಬೇಸಗೆಯಲ್ಲಿ ಸೆಕೆ ಆಗದೆ ಚಳಿ ಆಗ್ತದಾ?” ಅಂತ ಒಬ್ಬರು ತಿರುಗಿ ಕೇಳಿಯೇ ಬಿಟ್ಟರು. ಸರಿಯೇ ಅಲ್ವಾ? ಕೊನೆಗೆ ಪ್ರಶ್ನೆಯನ್ನು ಹೀಗೆ ತಿರುಗಿಸಿದೆವು: ‘ಮಳೆ ಹೊಯ್ಯುವ ರಾತ್ರಿ, ಪಕ್ಕದಲ್ಲಿ ಮಲಗಿದವರು ಕಂಬಳಿ ಎಳೆದುಕೊಳ್ಳುವಾಗ, ನಿಮಗೊಬ್ಬರಿಗೇ ಸೆಕೆ ಆದದ್ದು ಉಂಟಾ?’ ಇದಕ್ಕೆ ಥಟ್ಟನೆ ಉತ್ತರ ಬಂತು. ಫ್ಯಾನಿನ ಸ್ಪೀಡಿಗೆ ಗಂಡ ಹೆಂಡತಿ ಜಗಳ, ರೆಗ್ಯುಲೇಟರ್ ಐದಕ್ಕೆ ತಿರುಗಿಸುವುದು, ಅವರು ಎದ್ದು ಎರಡಕ್ಕೆ ಇಳಿಸುವುದು. ಇಷ್ಟು ವರ್ಷ ಸುಮ್ಮನೆ ಜಗಳ ಅಂತ ತಿಳಿದದ್ದಕ್ಕೆ ಕಾರಣ ಬೇರೆ ಇತ್ತು ಅಂತ ಅಲ್ಲೇ ಕೂತು ನಕ್ಕರು.

ಬೇರೆ ದೇಶದ ಪಟ್ಟಿ ನಮ್ಮ ಮೈಗೆ ಹೊಂದುತ್ತದೆ ಅಂತ ನಂಬಲೂ ಬೇಡಿ. ಮಾರ್ಗರೆಟ್ ಲಾಕ್ ಎಂಬ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ ಜಪಾನಿನ ಹೆಂಗಸರನ್ನು ಕೇಳಿದಾಗ, ಅಮೆರಿಕ, ಕೆನಡಾದವರಷ್ಟು ಮೈ ಬಿಸಿಯಾಗುವ ಮಾತು ಅಲ್ಲಿ ಬರಲಿಲ್ಲ, ಭುಜ ಹಿಡಿದುಕೊಂಡ ದೂರೇ ಜಾಸ್ತಿ ಇತ್ತು. ಡಾಕ್ಟರುಗಳು ಬಳಸುವ ‘ಮೆನೋಪಾಸ್ ರೇಟಿಂಗ್ ಸ್ಕೇಲ್’ ಅಂತ ಒಂದು ಉಂಟು, 11 ಪ್ರಶ್ನೆ, ಒಂದೊಂದಕ್ಕೆ 0ರಿಂದ 4 ಅಂಕ. ಬೇರೆ ಊರಿನೊಂದಿಗೆ ಹೋಲಿಸಬೇಕಾದರೆ ಅದನ್ನು ಮಾತಿನ ಕೊನೆಗೆ ಕೇಳಿ. ಮೊದಲೇ ಅದನ್ನು ಹಿಡಿದರೆ ಮಾತು ಅಲ್ಲೇ ನಿಲ್ಲುತ್ತದೆ.

ಒಪ್ಪಿಗೆ: ‘ನಿಮ್ಮ ಸರ್ವೆಯಿಂದ ನಮಗೆಂತ ಸಿಕ್ಕಿತು?’

ಈ ಪ್ರಶ್ನೆ ನಿಮಗೆ ಬಂದೇ ಬರುತ್ತದೆ. ಎಣ್ಮಕಜೆ, ಬೆಳ್ಳೂರು, ಕಾರಡ್ಕ ಕಡೆ ಹೋದರೆ ಇನ್ನೂ ಗಟ್ಟಿಯಾಗಿ ಬರುತ್ತದೆ. ಗೇರುತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆಮೇಲೆ ಆ ಮನೆಗಳಿಗೆ ಬಂದ ತಂಡಗಳು, ತೆಗೆದ ರಕ್ತ, ತೆಗೆದ ಫೋಟೋ, ತುಂಬಿಸಿದ ಫಾರ್ಮುಗಳಿಗೆ ಲೆಕ್ಕ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನೇ ನಿಷೇಧಿಸಿತು. ಆದರೆ ಪೆನ್ನು ಕಾಗದ ಹಿಡಿದು ಅಂಗಳಕ್ಕೆ ಇಳಿದವರನ್ನು ಕಂಡರೆ ಅಲ್ಲಿನ ಹೆಂಗಸರ ಮುಖ ಈಗಲೂ ಮುಚ್ಚಿಕೊಳ್ಳುತ್ತದೆ. ಅವರನ್ನು ದೂರುವ ಹಾಗಿಲ್ಲ.

ಆದ್ದರಿಂದ ಮೊದಲೇ ಸತ್ಯ ಹೇಳಿ. ದುಡ್ಡು ಸಿಗುವುದಿಲ್ಲ, ಪಿಂಚಣಿ ಸಿಗುವುದಿಲ್ಲ, ಸಂತ್ರಸ್ತರ ಪಟ್ಟಿಗೆ ಹೆಸರು ಸೇರುವುದಿಲ್ಲ. ಸಿಗುವುದು ಇಷ್ಟು: ನೀವು ಹೇಳಿದ್ದನ್ನು ಬರೆದು ನಿಮಗೇ ಓದಿ ಹೇಳುತ್ತೇವೆ, ಗ್ರಾಮಸಭೆಗೆ ತೆಗೆದುಕೊಂಡು ಹೋಗುತ್ತೇವೆ. ಬೇಡ ಅನ್ನಿಸಿದರೆ ಮಧ್ಯದಲ್ಲಿ ನಿಲ್ಲಿಸಬಹುದು, ನಾಳೆ ಬಂದು ‘ನನ್ನದು ತೆಗೆದುಬಿಡಿ’ ಅನ್ನಬಹುದು, ಕಾರಣ ಕೇಳುವುದಿಲ್ಲ. ಇದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದಿಡಿ, ಆದರೆ ಬಾಯಲ್ಲಿ ಅವರ ಮಾತಿನಲ್ಲೇ ಹೇಳಿ. ಓದಲು ಬಾರದವರಾದರೆ ಅವರು ನಂಬುವ ಒಬ್ಬರನ್ನು ಸಾಕ್ಷಿಗೆ ಕೂರಿಸಿಕೊಳ್ಳಿ.

ಗಂಡನ, ಮಗನ ಒಪ್ಪಿಗೆ ಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅವರ ಮೈ, ಅವರ ಮಾತು. ಆದರೆ ‘ಎಂತ ಕೇಳಲಿಕ್ಕೆ ಬಂದದ್ದು’ ಅಂತ ಜಗಲಿಯಿಂದ ಪ್ರಶ್ನೆ ಬಂದಾಗ ಹೇಳಲು ಒಂದು ಉತ್ತರ ಮೊದಲೇ ಅವರ ಜೊತೆ ಮಾತಾಡಿಟ್ಟುಕೊಳ್ಳಿ. ‘ಹೆಂಗಸರ ಆರೋಗ್ಯದ ಬಗ್ಗೆ’ ಅಂದರೆ ಸಾಕು, ಸುಳ್ಳೂ ಅಲ್ಲ.

ಯಾವುದಾದರೂ ಕಾಲೇಜಿನ ಜೊತೆ ಸೇರಿ ಮಾಡುವುದಿದ್ದರೆ, ಮುಂದೆ ಸಂಶೋಧನಾ ಪತ್ರಿಕೆಗೆ ಕಳಿಸುವ ಆಲೋಚನೆ ಇದ್ದರೆ, ಅವರ ನೈತಿಕ ಸಮಿತಿಯ ಒಪ್ಪಿಗೆ ಶುರು ಮಾಡುವ ಮೊದಲೇ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಅದಕ್ಕೆ ಆಧಾರ. ಮಾತೆಲ್ಲ ಮುಗಿದ ಮೇಲೆ ಓಡಿದರೆ ಪ್ರಯೋಜನ ಇಲ್ಲ.

ಕೂತು ಕೇಳುವುದು

ಸಮಯ: ನಮ್ಮ ಅನುಭವದಲ್ಲಿ ಆಟಿ ತಿಂಗಳಷ್ಟು ಒಳ್ಳೆಯ ಹೊತ್ತು ಬೇರೆ ಇಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮದುವೆ ಇಲ್ಲ, ನೇಮ ಇಲ್ಲ, ತೋಟದ ಕೆಲಸ ಕಮ್ಮಿ, ಹೊರಗೆ ಜಡಿಮಳೆ. ಹೆಂಗಸರು ಹಲಸಿನ ಬೀಜ ಸುಲಿಯುತ್ತಾ ಕೂತಿರುತ್ತಾರೆ. ಕೈಗೆ ಕೆಲಸ ಇದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ, ನೀವೂ ಒಂದು ಹಿಡಿ ಬೀಜ ತೆಗೆದುಕೊಳ್ಳಿ. ಮತ್ತೆ, ಆಟಿಯ ಮಳೆಯಲ್ಲಿ ಆಗುವ ಸೆಕೆಗೆ ಬೇಸಗೆಯ ನೆಪ ಹೇಳಲು ಆಗುವುದಿಲ್ಲ.

ಜಾಗ: ಜಗಲಿ ಬೇಡ, ಹೋಗಿಬರುವವರು ಜಾಸ್ತಿ. ಅಡುಗೆಮನೆಯ ಹಿಂದಿನ ಚಾವಡಿ, ಬಾವಿಕಟ್ಟೆ, ಹಟ್ಟಿಯ ಹತ್ತಿರ.

ಮೊದಲ ಮಾತು ಮುಟ್ಟಿನಿಂದ ಶುರು ಮಾಡಬೇಡಿ. ‘ನಿನ್ನೆ ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಎಂತೆಲ್ಲ ಮಾಡಿದಿರಿ ಅಕ್ಕ?’ ಅಂತ ಕೇಳಿ. ಅವರು ಹೇಳುತ್ತಾ ಹೋಗಲಿ. ನಡುವೆ ‘ಸ್ವಲ್ಪ ಕೂತೆ’, ‘ಮೊದಲಿನ ಹಾಗೆ ಆಗುದಿಲ್ಲ’ ಅಂತ ಒಂದು ಸಾಲು ಬರುತ್ತದೆ. ಅಲ್ಲಿ ಹಿಡಿಯಿರಿ. ಮೊದಲಿನ ಹಾಗೆ ಅಂದರೆ ಯಾವಾಗ? ಕೂತದ್ದು ಯಾಕೆ? ದಿನಕ್ಕೆ 700 ಬೀಡಿ ಕಟ್ಟುತ್ತಿದ್ದೆ, ಈಗ ಬೆರಳು ಮಡಚುವುದಿಲ್ಲ, 400 ಆದರೆ ಹೆಚ್ಚು ಅಂತ ಒಬ್ಬರು ಹೇಳಿದರು. ಗಂಟುನೋವು ಉಂಟಾ ಅಂತ ಕೇಳಿದ್ದರೆ ‘ಉಂಟು’ ಅಂತ ಮುಗಿಯುತ್ತಿತ್ತು. ಅದು ಅವರ ದಿನದ ಕೂಲಿಯನ್ನು ಹೇಗೆ ತಿಂದಿತು ಅನ್ನುವುದು ಬರುತ್ತಿರಲಿಲ್ಲ.

ಇಸವಿ ಕೇಳಬೇಡಿ, ನೆನಪಿರುವುದಿಲ್ಲ. ಊರಿನ ಘಟನೆಗಳ ಒಂದು ಕ್ಯಾಲೆಂಡರ್ ಮಾಡಿಕೊಂಡು ಹೋಗಿ. ನೋಟು ಬಂದಿ 2016ರ ನವೆಂಬರ್. ದೊಡ್ಡ ನೆರೆ 2018. ತಲಪಾಡಿಯಲ್ಲಿ ಗಡಿ ಮುಚ್ಚಿ ಮಂಗಳೂರಿಗೆ ಹೋಗಲಾಗದೆ ಒದ್ದಾಡಿದ್ದು 2020ರ ಮಾರ್ಚ್. ಅದರ ಜೊತೆ ನಿಮ್ಮ ದೇವಸ್ಥಾನದ ಬ್ರಹ್ಮಕಲಶ, ಮಸೀದಿಯ ಉರೂಸು, ಅವರ ಮಗಳ ಮದುವೆ ಸೇರಿಸಿ. “ಗಡಿ ಮುಚ್ಚಿದಾಗ ನನಗೆ ತಿಂಗಳು ತಿಂಗಳು ಸರಿ ಇತ್ತು, ಮಗಳ ಬಾಣಂತನಕ್ಕೆ ಕೂತಾಗ ಎರಡು ತಿಂಗಳಿಗೊಮ್ಮೆ ಆಗ್ತಿತ್ತು” ಅಂತ ಸಿಗುತ್ತದೆ. ಇಷ್ಟಾದರೆ ಧಾರಾಳ.

ಮರೆಯದೆ ಕೇಳಬೇಕಾದ ಒಂದು ವಿಷಯ ಉಂಟು, ನಮಗೆ ಅದು ಹೊಳೆದದ್ದೇ ಹತ್ತು ಜನರ ಹತ್ತಿರ ಮಾತಾಡಿದ ಮೇಲೆ. ಮುಟ್ಟು ಮುಂದೂಡುವ ಮಾತ್ರೆ. ಪೂಜೆ, ನೇಮ, ಮದುವೆ, ಶಬರಿಮಲೆಗೆ ಹೋಗುವವರ ಮನೆಯ ವ್ರತ, ಯಾವುದಕ್ಕಾದರೂ ಮೆಡಿಕಲ್‌ನಿಂದ ತಂದು ನುಂಗಿರುತ್ತಾರೆ. ಅದನ್ನು ಮದ್ದು ಅಂತಲೇ ಲೆಕ್ಕ ಹಾಕುವುದಿಲ್ಲ, ‘ಬೇರೆ ಮಾತ್ರೆ ತಗೊಳ್ತೀರಾ’ ಅಂದರೆ ‘ಇಲ್ಲ’ ಅನ್ನುತ್ತಾರೆ. ಅದು ಹಾರ್ಮೋನಿನ ಮಾತ್ರೆ. ಆ ತಿಂಗಳ ಏರುಪೇರನ್ನು ನೀವು ಮುಟ್ಟು ನಿಲ್ಲುವ ಲಕ್ಷಣ ಅಂತ ಬರೆದರೆ ಲೆಕ್ಕ ತಪ್ಪುತ್ತದೆ. ಹೆಸರು ಹಿಡಿದೇ ಕೇಳಿ: ‘ಕಾರ್ಯಕ್ರಮ ಇದ್ದಾಗ ಮುಂದೆ ಹಾಕಲಿಕ್ಕೆ ಮಾತ್ರೆ ತಗೊಂಡದ್ದು ಉಂಟಾ?’

ಗಂಡನೊಟ್ಟಿಗೆ ಸೇರುವಾಗ ನೋವು, ಕೆಮ್ಮಿದರೆ ಮೂತ್ರ ಹನಿಯುವುದು, ಇವೆಲ್ಲ ಕೊನೆಗೆ. ‘ಕೆಲವರು ಹೀಗೆ ಹೇಳ್ತಾರೆ, ನಿಮಗೆ ಹೇಗೆ’ ಅಂತ ದಾರಿ ಬಿಟ್ಟುಕೊಟ್ಟು ಕೇಳಿ. ಸುಮ್ಮನಾದರೆ ನೀವೂ ಸುಮ್ಮನಾಗಿ. ಬೀಜ ಸುಲಿಯಿರಿ.

ನಡುವೆ ಹೆದರಿಕೆಯ ವಿಷಯ ಬಂದರೆ

ಕೇಳಲು ಹೋದವರು ಮದ್ದು ಹೇಳಬಾರದು. ಆದರೆ ಕೆಲವು ಮಾತು ಕಿವಿಗೆ ಬಿದ್ದರೆ ಪೆನ್ನು ಕೆಳಗಿಡಬೇಕು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯಾದರೂ, ಡಾಕ್ಟರಿಗೆ ತೋರಿಸಲೇಬೇಕು. ಹೆಚ್ಚಿನ ಸಲ ಏನೂ ಇರುವುದಿಲ್ಲ, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಅದೇ ಆಗಿರಬಹುದು. ‘ಮತ್ತೆ ಪ್ರಾಯ ಬಂತು’ ಅಂತ ನಗೆಯಾಡಿ ಬಿಡುವುದನ್ನು ನಾನೇ ಕೇಳಿದ್ದೇನೆ. ಗಂಟೆಗೊಂದು ಪ್ಯಾಡ್ ಒದ್ದೆಯಾಗಿ, ಒಟ್ಟಿಗೆ ತಲೆ ತಿರುಗುತ್ತಿದ್ದರೆ ಅಂದೇ ಹೋಗಬೇಕು. ಮುಟ್ಟು ಪೂರ್ತಿ ನಿಂತಿಲ್ಲದವರು ಬಸಿರಾಗಲೂಬಹುದು, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ‘ಬದುಕೇ ಬೇಡ’ ಅನ್ನುವ ಮಾತು ಬಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056, ಮನೆಯಲ್ಲಿ ಹೊಡೆತ ಬಡಿತದ ವಿಷಯವಾದರೆ 181. ಈ ಮೂರು ನಂಬರು ನೋಟುಪುಸ್ತಕದ ರಟ್ಟಿನ ಮೇಲೆ ಬರೆದಿಡಿ.

ಫೋನು, ಪುಸ್ತಕ, ಗುಟ್ಟು

ರೆಕಾರ್ಡ್ ಮಾಡಿದರೆ ಒಳ್ಳೆಯದೇ. ಆದರೆ ನಿಮ್ಮ ಫೋನು ಮಗ ಬಳಸಿ ಬಿಟ್ಟದ್ದಾ? ಹೆಚ್ಚಿನವರದ್ದು ಹಾಗೆಯೇ, ನನ್ನದೂ. ಅದರಲ್ಲಿ ಇನ್ನೂ ಅವನ ಇಮೇಲ್ ಇರುತ್ತದೆ. ನೀವು ರೆಕಾರ್ಡ್ ಮಾಡಿದ್ದು ತಾನಾಗಿ ಬ್ಯಾಕಪ್ ಆಗಿ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಅವನ ಖಾತೆಗೆ ಹೋಗಿ ಕೂರಬಹುದು. ಮೊದಲು ಅದನ್ನು ಸರಿ ಮಾಡಿಸಿ, ಇಲ್ಲವಾದರೆ ಕೈಯಲ್ಲೇ ಬರೆಯಿರಿ. ಬರೆದು ಮುಗಿದ ಮೇಲೆ ರೆಕಾರ್ಡು ಅಳಿಸಿ. ವಾಟ್ಸಾಪ್‌ನಲ್ಲಿ ಯಾರ ಮಾತನ್ನೂ ಕಳಿಸಬೇಡಿ, ನಮ್ಮ ಮೂವರ ಗುಂಪಿಗೂ ಕಳಿಸುತ್ತಿರಲಿಲ್ಲ.

ಹೆಸರಿನ ಬದಲು ನಂಬರು ಹಾಕಿ. ಯಾವ ನಂಬರು ಯಾರು ಅನ್ನುವ ಪಟ್ಟಿ ಬೇರೆ ಪುಸ್ತಕದಲ್ಲಿ, ಬೇರೆಯವರ ಮನೆಯಲ್ಲಿ. ಆದರೆ ಇಷ್ಟೇ ಸಾಲದು. ಸಣ್ಣ ಊರಲ್ಲಿ ಹೆಸರು ತೆಗೆದರೂ ಆಳು ಉಳಿಯುತ್ತದೆ. ‘ನಾಲ್ಕು ಹೆಣ್ಣುಮಕ್ಕಳಿರುವ, ಹೊಲಿಗೆ ಮಾಡುವ, 49ರ ಮರಾಠಿ ಹೆಂಗಸು’ ಅಂದರೆ ನಮ್ಮ ವಾರ್ಡಿನಲ್ಲಿ ಒಬ್ಬರೇ. ಕೆಲಸ, ಪ್ರಾಯ, ಮಕ್ಕಳ ಲೆಕ್ಕ ಒಂದಿಷ್ಟು ಕಲಸಿ ಬರೆಯಿರಿ.

ಚೀಟಿ ಹರಡುವುದು

ನೋಟುಪುಸ್ತಕ ತುಂಬಿದ ಮೇಲೆ ಏನು ಮಾಡುವುದು ಅಂತ ತಲೆಕೆಡಿಸಿಕೊಳ್ಳಬೇಡಿ. ಮನೆಯಲ್ಲಿ ರಾಶಿ ಬಿದ್ದಿರುವ ಮದುವೆ, ಉಪನಯನದ ಹೇಳಿಕೆ ಕಾಗದಗಳನ್ನು ತನ್ನಿ. ಹಿಂದಿನ ಖಾಲಿ ಬದಿ ಕತ್ತರಿಸಿ ಅಂಗೈಯಗಲದ ಚೀಟಿ ಮಾಡಿ. ಒಂದು ಚೀಟಿಗೆ ಒಂದೇ ಮಾತು, ಅವರು ಹೇಳಿದ ಹಾಗೇ, ಮೂಲೆಯಲ್ಲಿ ನಂಬರು. ನೆಲದ ಮೇಲೆ ಹರಡಿ. ಯಾವುದು ಯಾವುದರ ಹತ್ತಿರ ಹೋಗುತ್ತದೆ ಅಂತ ಒಟ್ಟಿಗೆ ನೋಡಿ, ಜಗಳ ಮಾಡಿ, ಜರುಗಿಸಿ. ನಾವು ‘ನಿದ್ದೆ’ ಅಂತ ಒಂದು ಗುಡ್ಡೆ ಮಾಡಿದ್ದೆವು. ನೋಡುತ್ತಾ ನೋಡುತ್ತಾ ಅದು ಎರಡಾಯಿತು: ಮೈ ಬೆವರಿ ಎಚ್ಚರವಾಗುವವರು ಒಂದು ಕಡೆ, ಮಲಗಿದ್ದ ಅತ್ತೆ ಮಾವ ಕರೆದದ್ದಕ್ಕೆ ಎದ್ದು ಮತ್ತೆ ನಿದ್ದೆ ಬಾರದವರು ಇನ್ನೊಂದು ಕಡೆ. ಇಬ್ಬರಿಗೂ ಒಂದೇ ಮಾತ್ರೆ ಕೊಟ್ಟರೆ ಆಗುತ್ತದಾ?

ಯಾವ ಗುಡ್ಡೆಗೂ ಸೇರದ ಚೀಟಿಗಳನ್ನು ಬಿಸಾಡಬೇಡಿ. 28 ಜನರಲ್ಲಿ 7 ಜನ ಹೇಳಿದರೆ ‘7 ಜನ’ ಅಂತಲೇ ಬರೆಯಿರಿ, ಶೇಕಡಾ 25 ಅಂತ ಮಾಡಬೇಡಿ. ಓದಿದವರು ಜಿಲ್ಲೆಗೇ ಅದನ್ನು ಹಚ್ಚಿಬಿಡುತ್ತಾರೆ.

ವಾಪಸ್ ಕೊಡುವುದು

ಬರೆದದ್ದನ್ನು ಮೊದಲು ಹೇಳಿದವರಿಗೇ ಓದಿ ಹೇಳಿ, ಪಂಚಾಯತಿಗೆ ಆಮೇಲೆ. ಅವರು ಸರಿ ಅಂದದ್ದು ಮಾತ್ರ ಮುಂದೆ ಹೋಗಬೇಕು. ನಂತರ ಎರಡು ಪುಟದಲ್ಲಿ ಬೇಡಿಕೆ ಬರೆಯಿರಿ, ಆಗುವಂಥದ್ದು ಮಾತ್ರ. ಕೇರಳದಲ್ಲಿ ಗ್ರಾಮಸಭೆ ವಾರ್ಡು ಮಟ್ಟದಲ್ಲೇ ಸೇರುತ್ತದೆ, ಊರಿನವರೇ ಯೋಜನೆ ಮಾಡುವ 1996ರ ಜನಕೀಯ ಯೋಜನೆಯ ನಂತರ ಪಂಚಾಯತಿ ಯೋಜನೆಯ ಹಣದಲ್ಲಿ ಶೇಕಡಾ 10 ಮಹಿಳೆಯರಿಗೆ ಅಂತ ತೆಗೆದಿಡುವ ಕ್ರಮವೂ ಬಂತು. ಉದ್ಯೋಗ ಖಾತರಿಯ ಜಾಗದಲ್ಲಿ ನೆರಳು ಮತ್ತು ಶೌಚಾಲಯ, ಕುಟುಂಬ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಂದು ದಿನ 40 ದಾಟಿದ ಹೆಂಗಸರಿಗೆ, ಕನ್ನಡದಲ್ಲಿ ಒಂದು ಕರಪತ್ರ, ಇಂಥದ್ದು ಕೇಳಿ. ಅರ್ಜಿಯನ್ನು ಕನ್ನಡದಲ್ಲೇ ಕೊಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ. ‘ಮಲಯಾಳದಲ್ಲಿ ಬರೆದು ತನ್ನಿ’ ಅಂದರೆ ಕಾಯ್ದೆಯ ಹೆಸರು ಹೇಳಿ, ನಗುತ್ತಾ ಹೇಳಿ.

ನಾವು ಓದಿ ಹೇಳಲು ಕೂತ ದಿನ, ಮೊದಲು ಚಹಾದ ಗ್ಲಾಸು ತೊಳೆಯುತ್ತಾ ಮಾತಾಡಿದ್ದ ಆ ಅಕ್ಕನೂ ಇದ್ದರು. ಅವರ ಭಾಗ ಬಂದಾಗ ಓದುವುದನ್ನು ನಿಲ್ಲಿಸಿದರು. “ಎರಡು ಗಂಟೆ ಸರಿ. ಕೂತ ಜಾಗ ಬದಲು ಮಾಡು. ರಾತ್ರಿ ಅಲ್ಲಿ ಹೋಗಿ ಕೂರುವವಳು ಈ ವಾರ್ಡಿನಲ್ಲಿ ನಾನೊಬ್ಬಳೇ, ಎಲ್ಲರಿಗೂ ಗೊತ್ತು.” ಎಲ್ಲಿ ಅಂತ ಹಾಕಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಆಲೋಚನೆ ಮಾಡಿ ಹೇಳಿದರು, “ಜಗಲಿ ಅಂತ ಹಾಕು. ಜಗಲಿ ಎಲ್ಲರ ಮನೆಯಲ್ಲೂ ಉಂಟು.”